ದಮ್ಮಿನ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿ ಗಾಳಿ ಆಡದ ದೀರ್ಘ ಕಾಯಿಲೆ), ಐಎಲ್‌ಡಿ (ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಗಳು), ಶ್ವಾಸಕೋಶದ ಕ್ಯಾನ್ಸರ್ ಅಥವಾ ಹಳೇ ಟಿಬಿ ಬಿಟ್ಟುಹೋದ ಕಲೆಯಿಂದ ಉಸಿರಿಗೆ ಒದ್ದಾಡುವವರು ಇದ್ದಾರಾ? ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ನೀವೇನಾ? ಹಾಗಾದರೆ ಇದು ನಿಮಗೆ. ಕಾಯಿಲೆ ಇರುವವರೂ ಓದಬಹುದು. ಕೊನೆಯ ಎರಡು ಹೆಜ್ಜೆ ಮನಸ್ಸಿಗೆ ಭಾರ, ಅದನ್ನು ಬೇಕಾದಾಗ ಓದಿಕೊಳ್ಳಿ.

ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ನಮ್ಮತ್ತೆಯನ್ನು ಕೊನೆವರೆಗೂ ನೋಡಿಕೊಂಡವಳು. ಅವರು ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ, ಬಚ್ಚಲ ಹಂಡೆ, ಅಡಿಕೆ ಬೇಯಿಸುವ ಒಲೆ, ಇಷ್ಟರ ಮುಂದೆ ಊದುಗೊಳವೆ ಹಿಡಿದು ಕೂತವರು. ಸಿಒಪಿಡಿ ಬರೋದಕ್ಕೆ ಅಷ್ಟು ಸಾಕು. ಆಮೇಲೆ ಸುತ್ತಮುತ್ತಲಿನ ಇಂಥ ಮನೆಗಳಿಗೆ ಹೋಗಿ ಕೈ ಜೋಡಿಸುತ್ತಾ ಬಂದಿದ್ದೇನೆ. ಔಷಧಿ ಎಷ್ಟು ಕೊಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಕೇಳಬೇಡಿ, ಅದು ನಿಮ್ಮ ಡಾಕ್ಟರ್ ಹೇಳಬೇಕಾದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಸ್ಪೈಸ್, ಪ್ಯಾಲಿಯೇಟಿವ್ ಕೇರ್, ಉಪಶಮನ ಆರೈಕೆ, ಏನೇ ಅನ್ನಿ, ಅಂದರೆ ಕಾಯಿಲೆ ವಾಸಿ ಆಗದಿದ್ದರೂ ನೋವು, ದಮ್ಮು, ಹೆದರಿಕೆ ಇಳಿಸಿ ನೆಮ್ಮದಿ ಕೊಡುವ ಆರೈಕೆ, ಅದನ್ನು ಡಾಕ್ಟರ್ ಕೈ ಚೆಲ್ಲಿದ ಮೇಲೆ ಶುರು ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ನಾವು ಮಳೆಗಾಲಕ್ಕೆ ಏಪ್ರಿಲ್‌ನಲ್ಲೇ ಸೌದೆ ಒಟ್ಟುತ್ತೇವೆ, ಜೂನ್‌ನಲ್ಲಿ ಒಟ್ಟಿದರೆ ಒಲೆ ಹತ್ತೋದಿಲ್ಲ. ಇದೂ ಹಾಗೇ. ಚಿಕಿತ್ಸೆ ನಡೆಯುತ್ತಿರುವಾಗಲೇ, ಮನುಷ್ಯ ಓಡಾಡಿಕೊಂಡಿರುವಾಗಲೇ ಶುರು ಮಾಡಿ.

ಹೆಜ್ಜೆ 1: ಹೊತ್ತು ಬಂದಿದೆಯಾ ಅಂತ ನೋಡಿ

ಈ ಕಾಯಿಲೆ ಒಂದೇ ಸಮನೆ ಇಳಿಯುವುದಿಲ್ಲ. ಒಂದು ಸಲ ಜೋರಾಗಿ ದಮ್ಮು ಕಟ್ಟುತ್ತದೆ, ಆಸ್ಪತ್ರೆಗೆ ಹೋಗಿ ಬರುತ್ತಾರೆ, ಸುಧಾರಿಸುತ್ತಾರೆ. ಆದರೆ ಮೊದಲಿನಷ್ಟಕ್ಕೆ ಬರುವುದಿಲ್ಲ, ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತಾರೆ. ಹೀಗೆ ಏರಿಳಿತ ಆಗುವುದರಿಂದ "ಇದೇ ಕೊನೆ ಹಂತ" ಅಂತ ಯಾರೂ ಬೆರಳಿಟ್ಟು ತೋರಿಸಲಾರರು. ಅದಕ್ಕೇ ಕಾಯಬೇಡಿ.

ಸ್ನಾನ ಮಾಡುವಾಗ, ಬಟ್ಟೆ ಹಾಕಿಕೊಳ್ಳುವಾಗಲೇ ಏದುಸಿರು ಬರುತ್ತಿದೆಯಾ? ಒಂದು ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದ್ದಾರಾ? ತೂಕ ಇಳಿಯುತ್ತಿದೆಯಾ? ಮನೆಗೆ ಆಕ್ಸಿಜನ್ ಬರೆದುಕೊಟ್ಟಿದ್ದಾರಾ? ದಿನದ ಜಾಸ್ತಿ ಹೊತ್ತು ಹಾಸಿಗೆ, ಕುರ್ಚಿಯಲ್ಲೇ ಕಳೆಯುತ್ತಿದ್ದಾರಾ? ಇದರಲ್ಲಿ ಎರಡಕ್ಕೆ ಹೌದು ಅಂದರೂ ಸಾಕು, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ನೇರವಾಗಿ ಕೇಳಿ: "ಈಗಿನ ಚಿಕಿತ್ಸೆ ಜೊತೆಗೆ ಉಪಶಮನ ಆರೈಕೆಯೂ ಬೇಕು, ಯಾರನ್ನು ನೋಡಬೇಕು?" ನೀವಾಗಿ ಕೇಳದಿದ್ದರೆ ಎಷ್ಟೋ ಕಡೆ ಈ ವಿಷಯವೇ ಬರುವುದಿಲ್ಲ. ಅವರಿಗೂ ಸಂಕೋಚ ಇರುತ್ತದೆ, ಎಲ್ಲಿ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೋ ಅಂತ.

ಹೆಜ್ಜೆ 2: ನಿಮ್ಮ ತಂಡ ಕಟ್ಟಿಕೊಳ್ಳಿ

ನಮ್ಮ ದೇಶದ ಮೊದಲ ಹಾಸ್ಪೈಸ್, ಅಂದರೆ ಇಂಥ ಆರೈಕೆಗೆ ಅಂತಲೇ ಇರುವ ಕೇಂದ್ರ, 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ. ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಆದರೆ ಇವೆಲ್ಲ ಹುಟ್ಟಿದ್ದು ಕ್ಯಾನ್ಸರ್‌ನವರಿಗಾಗಿ. ಶ್ವಾಸಕೋಶದ ಕ್ಯಾನ್ಸರ್ ಆಗಿದ್ದರೆ ಅಲ್ಲಿ ವಿಚಾರಿಸಬಹುದು. ಸಿಒಪಿಡಿ, ಐಎಲ್‌ಡಿಯವರಿಗೆ ಅಂಥ ಹಾಸಿಗೆ ಸಿಗುವುದು ಕಷ್ಟ. ಹಾಗಾಗಿ ಮಲೆನಾಡಿನಲ್ಲಿ ಹಾಸ್ಪೈಸ್ ಅಂದರೆ ನಾವೇ ಮನೆಯ ಸುತ್ತ ಕಟ್ಟಿಕೊಳ್ಳುವ ನಾಲ್ಕಾರು ಜನರ ಬಳಗ ಅಂತಲೇ ಇಟ್ಟುಕೊಳ್ಳಿ.

ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಅಲ್ಲಿ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವಯಸ್ಸಾದವರ ಆರೈಕೆ, ಉಪಶಮನ ಆರೈಕೆ ಎರಡೂ ಇವೆ, ಇದು ಜನಕ್ಕೆ ಗೊತ್ತೇ ಇಲ್ಲ. ಪ್ಯಾಲಿಯೇಟಿವ್ ಕೇರ್‌ಗೆ ಅಂತಲೇ 2012ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಕಾಗದದ ಮೇಲೆ ಇರುವುದೆಲ್ಲ ಮನೆ ಬಾಗಿಲಿಗೆ ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕೇಳಿದರೆ ಬಿಪಿ ನೋಡಲು, ಬೆಡ್ ಸೋರ್‌ಗೆ (ಮಲಗಿ ಮಲಗಿ ಆಗುವ ಹುಣ್ಣಿಗೆ) ಡ್ರೆಸ್ಸಿಂಗ್ ಮಾಡಲು, ಮೂತ್ರದ ಕ್ಯಾತಿಟರ್ ಬದಲಿಸಲು ಯಾರಾದರೂ ಬಂದೇ ಬರುತ್ತಾರೆ.

ಆಮೇಲೆ ದೊಡ್ಡಾಸ್ಪತ್ರೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ, ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಘಟ್ಟ ಇಳಿದರೆ ಮಣಿಪಾಲದ ಕೆಎಂಸಿಯಲ್ಲಿ ಉಪಶಮನ ಆರೈಕೆಗೆ ಬೇರೆಯೇ ವಿಭಾಗ ಇದೆ, ಅಲ್ಲೇ ಒಂದು ಹಾಸ್ಪೈಸ್ ಕೂಡ ನಡೆಯುತ್ತಿದೆ. ಓಡಾಡುವ ಶಕ್ತಿ ಇರುವಾಗಲೇ ಒಂದು ಸಲ ಹೋಗಿ ತೋರಿಸಿಕೊಂಡು ಫೈಲ್ ಮಾಡಿಸಿ ಬನ್ನಿ. ಆಮೇಲೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಆಕ್ಸಿಜನ್ ಹಾಕಿಕೊಂಡು ಹೋಗುವುದು ಬೇಡವೇ ಬೇಡ. ಫೋನಿನಲ್ಲಿ ಸಲಹೆ ಕೊಡುತ್ತಾರಾ ಅಂತ ಅಲ್ಲೇ ಕೇಳಿಟ್ಟುಕೊಳ್ಳಿ. ಸರ್ಕಾರದ ಇ-ಸಂಜೀವಿನಿಯಲ್ಲೂ ವಿಡಿಯೋದಲ್ಲಿ ಡಾಕ್ಟರ್ ಸಿಗುತ್ತಾರೆ. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104, ಕರೆಂಟ್ ದೂರಿಗೆ 1912. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು, ನಮ್ಮ ಕಡೆ ಸಿಗ್ನಲ್ ಸಮಸ್ಯೆ. ರಾತ್ರಿ ಎರಡು ಗಂಟೆಗೆ ಮನೆಯ ಯಾವ ಮೂಲೆಯಲ್ಲಿ ನಿಂತರೆ ಫೋನ್ ಹತ್ತುತ್ತದೆ, ಯಾರ ಮನೆಯಲ್ಲಿ ಬಿಎಸ್‌ಎನ್‌ಎಲ್ ಇದೆ, ಯಾರ ಜೀಪು ನಿಮ್ಮ ರಸ್ತೆ ಹತ್ತುತ್ತದೆ, ಇದೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅದೇ ಹಾಳೆಯಲ್ಲಿ ಆಂಬುಲೆನ್ಸ್‌ನವರಿಗೆ ಹೇಳಬೇಕಾದ ದಾರಿಯ ಗುರುತೂ ಇರಲಿ. ಗಾಬರಿಯಲ್ಲಿ ಸ್ವಂತ ಊರಿನ ದಾರಿಯೇ ಬಾಯಿಗೆ ಬರುವುದಿಲ್ಲ.

ಹೆಜ್ಜೆ 3: ಮನೆಯನ್ನು ಸರಿ ಮಾಡಿ

ಹೊಗೆ ನಿಲ್ಲಬೇಕು, ಅಷ್ಟೇ. ಅಡಿಗೆಗೆ ಗ್ಯಾಸ್ ಇದ್ದರೂ ಬಚ್ಚಲಿಗೆ ಸೌದೆ ಉರಿಸುವ ಮನೆಗಳೇ ಜಾಸ್ತಿ, ಆ ಹೊಗೆ ಹಿಂಬಾಗಿಲಿನಿಂದ ಒಳಗೇ ಬರುತ್ತದೆ. ರೋಗಿಯ ಕೋಣೆ ಬಚ್ಚಲಿನಿಂದ ದೂರ ಇರಲಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಬೇಯಿಸುವ ಒಲೆಯನ್ನು ಗಾಳಿ ಬೀಸುವ ದಿಕ್ಕು ನೋಡಿ ಬೇರೆ ಕಡೆ ಹಾಕಿಸಿ. ಅಗರಬತ್ತಿ, ಲೋಬಾನ, ಸೊಳ್ಳೆ ಬತ್ತಿ ಮೂರೂ ಬೇಡ, ಸೊಳ್ಳೆ ಪರದೆ ಕಟ್ಟಿ. ಮನೆಯೊಳಗೆ ಬೀಡಿ ಸೇದುವ ಚಿಕ್ಕಪ್ಪ ಯಾರಾದರೂ ಇದ್ದರೆ ಅಂಗಳಕ್ಕಲ್ಲ, ಗೇಟಿನ ಆಚೆಗೇ ಕಳಿಸಿ.

ಜಡಿಮಳೆಯಲ್ಲಿ ಗೋಡೆಗೆ, ಕಂಬಳಿಗೆ, ದಿಂಬಿಗೆ ಬೂಸ್ಟು ಹಿಡಿಯುತ್ತದಲ್ವಾ, ಅದೂ ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಸಿಲು ಬಂದ ದಿನ ಹಾಸಿಗೆ ಹೊರಗೆ ಹಾಕಿ. ಗೋಡೆಯ ಬೂಸ್ಟು ಒರೆಸುವಾಗ ರೋಗಿ ಆ ಕೋಣೆಯಲ್ಲಿ ಇರಬಾರದು. ಒಣಹುಲ್ಲು, ಭತ್ತದ ಚೀಲ, ಸುಲಿದ ಅಡಿಕೆ ಸಿಪ್ಪೆ ಇರುವ ಕಡೆ ಹಾಸಿಗೆ ಹಾಕಬೇಡಿ.

ಹಾಸಿಗೆಯಿಂದ ಕಕ್ಕಸಿಗೆ ಎಷ್ಟು ದೂರ ನೋಡಿ. ಹಳೇ ಮನೆಗಳಲ್ಲಿ ಅದು ಹಿತ್ತಿಲಿನಲ್ಲಿ ಇರುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ಮೆಟ್ಟಿಲು ಇಳಿದು ಹೋಗಿ ಬರುವಷ್ಟರಲ್ಲಿ ಉಸಿರು ಪೂರ್ತಿ ಹೋಗಿರುತ್ತದೆ. ಕಮೋಡ್ ಕುರ್ಚಿಗೆ ಆಗುವ ಖರ್ಚು ಉಳಿದದ್ದೆಲ್ಲಕ್ಕಿಂತ ಕಡಿಮೆ, ಅದರಿಂದ ಸಿಗುವ ನೆಮ್ಮದಿ ಜಾಸ್ತಿ. ನಮ್ಮತ್ತೆ ಮೊದಲು "ಕೋಣೆಯೊಳಗೆ ಅದೆಲ್ಲ ಬೇಡ" ಅಂತ ಮುಖ ತಿರುಗಿಸಿದ್ದರು, ಒಂದು ವಾರದಲ್ಲಿ ಅವರೇ ಎಲ್ಲರಿಗೂ ಶಿಫಾರಸು ಮಾಡಲು ಶುರು ಮಾಡಿದರು.

ಹೆಜ್ಜೆ 4: ಆಕ್ಸಿಜನ್ ಮತ್ತು ಕರೆಂಟ್

ಇದನ್ನು ನಿಧಾನಕ್ಕೆ ಓದಿ. ಆಕ್ಸಿಜನ್ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಆಕ್ಸಿಜನ್ ಒಂದು ಔಷಧಿ. ರಕ್ತದಲ್ಲಿ ಆಕ್ಸಿಜನ್ ತೀರಾ ಕಡಿಮೆ ಇರುವವರಿಗೆ, ಅಂದರೆ ಸುಮ್ಮನೆ ಕೂತಾಗಲೂ ಬೆರಳಿನ ಆಕ್ಸಿಮೀಟರ್‌ನಲ್ಲಿ ಶೇಕಡಾ 88 ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ, ದಿನಕ್ಕೆ ಕನಿಷ್ಠ 15 ಗಂಟೆ ಹಾಕಬೇಕು. ಇಷ್ಟು ಹೊತ್ತು ಹಾಕಿದ ಸಿಒಪಿಡಿಯವರು ಜಾಸ್ತಿ ದಿನ ಬದುಕುತ್ತಾರೆ ಅಂತ 1980 ಮತ್ತು 1981ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲೇ ಗೊತ್ತಾಗಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಟಾನಿಕ್ ಕೊಟ್ಟ ಹಾಗೆ ಹಾಕಿದರೆ ಆ ಲಾಭ ಸಿಗುವುದಿಲ್ಲ. ನಿದ್ದೆಯ ಹೊತ್ತನ್ನು ಸೇರಿಸಿಕೊಂಡರೆ 15 ಗಂಟೆ ಕಷ್ಟ ಅಲ್ಲ.

ಹಾಗೇ ಇದರ ಉಲ್ಟಾ ವಿಷಯ. ಆಕ್ಸಿಜನ್ ಮಟ್ಟ ಸರಿಯಾಗಿದ್ದೂ ದಮ್ಮು ಬರುವವರು ಇದ್ದಾರೆ. ಅಂಥವರಲ್ಲಿ ಪೈಪಿನಿಂದ ಬರುವ ಬರೀ ಗಾಳಿಯೂ ಆಕ್ಸಿಜನ್ನೂ ಒಂದೇ ಸಮ ಹಿತ ಕೊಟ್ಟವು ಅಂತ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಧ್ಯಯನ ಬಂದಿತ್ತು. ಅವರಿಗೆ ಮೆಷಿನ್‌ಗಿಂತ ಬೀಸಣಿಗೆ ವಾಸಿ. ಅದರ ವಿಷಯ ಮುಂದಿನ ಹೆಜ್ಜೆಯಲ್ಲಿದೆ.

ಸಿಒಪಿಡಿಯವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಇದ್ದರೆ ಸಾಕು ಅಂತ ಡಾಕ್ಟರ್ ಹೇಳಿರುತ್ತಾರೆ. 98 ಬರಲಿ ಅಂತ ಮಗ ಬೆಂಗಳೂರಿನಿಂದ ಫೋನ್ ಮಾಡಿ ನಾಬ್ ತಿರುಗಿಸಲು ಹೇಳುತ್ತಾನೆ, ಇಲ್ಲಿ ಅಪ್ಪನಿಗೆ ಇಂಗಾಲದ ಡೈಆಕ್ಸೈಡ್ ಒಳಗೇ ತುಂಬಿಕೊಂಡು ಮಂಪರು ಹತ್ತುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ಮಾತು ತೊದಲುವುದು, ಎಬ್ಬಿಸಿದರೂ ಮತ್ತೆ ನಿದ್ದೆಗೆ ಜಾರುವುದು ಕಂಡರೆ ಕೂಡಲೇ ಡಾಕ್ಟರ್‌ಗೆ ಹೇಳಿ. ನಾಬ್‌ನ ಪಕ್ಕ ಬರೆದುಕೊಟ್ಟ ಲೀಟರ್ ಎಷ್ಟು ಅಂತ ಪಟ್ಟಿ ಅಂಟಿಸಿ, ಬಂದ ನೆಂಟರು ಯಾರೂ ಮುಟ್ಟಬಾರದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಅನ್ನು ಹತ್ತು ನಿಮಿಷಕ್ಕೊಮ್ಮೆ ನೋಡಬೇಡಿ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ಅದು ತಪ್ಪು ತೋರಿಸುತ್ತದೆ. ಮಳೆಗಾಲದಲ್ಲಿ ಕೈ ಉಜ್ಜಿ ಬೆಚ್ಚಗೆ ಮಾಡಿ ಆಮೇಲೆ ಹಾಕಿ.

ಈಗ ಕರೆಂಟ್. 5 ಲೀಟರಿನ ಕಾನ್ಸಂಟ್ರೇಟರ್, ಅಂದರೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರೆ ಮಾಡಿ ಕೊಡುವ ಮೆಷಿನ್, ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ 150 ಎಎಚ್ ಬ್ಯಾಟರಿಯ ಇನ್ವರ್ಟರ್‌ನಲ್ಲಿ, ಬೇರೇನೂ ಹಾಕದೆ, ಬ್ಯಾಟರಿ ಹೊಸದಾಗಿದ್ದರೆ, 3 ಗಂಟೆ ಆಸುಪಾಸು ಓಡಬಹುದು. ಬ್ಯಾಟರಿ ಹಳೆಯದಾದರೆ ಅದರ ಅರ್ಧ. ನಮ್ಮಲ್ಲಿ ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎಷ್ಟು ದಿನ ಅಂತ ನಿಮಗೇ ಗೊತ್ತು. ಹಾಗಾಗಿ ಮೆಷಿನ್ ಜೊತೆ ಸಿಲಿಂಡರ್ ಇರಲೇಬೇಕು. ಚಿಕ್ಕ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ. ದೊಡ್ಡ ಡಿ ಟೈಪ್‌ನಲ್ಲಿ ಸುಮಾರು 7000 ಲೀಟರ್, ಅದೇ ಲೆಕ್ಕದಲ್ಲಿ ಎರಡು ದಿನಕ್ಕಿಂತ ಜಾಸ್ತಿ. ಗೇಜಿನ ಮುಳ್ಳು ಅರ್ಧಕ್ಕೆ ಬಂದರೆ ಹೊತ್ತೂ ಅರ್ಧ. ಮಳೆಗಾಲಕ್ಕೆ ಮುಂಚೆ ಒಂದು ದಿನ ಬೇಕಂತಲೇ ಮೇನ್ ಸ್ವಿಚ್ ಆಫ್ ಮಾಡಿ, ಮನೆಯಲ್ಲಿ ಪ್ರತಿಯೊಬ್ಬರೂ ಸಿಲಿಂಡರ್‌ಗೆ ಪೈಪು ಬದಲಿಸಲು ಕಲಿಯಿರಿ. ಸುಮ್ನೆ ನೋಡಿದರೆ ಆಗುವುದಿಲ್ಲ, ಕೈಯಾರೆ ಮಾಡಬೇಕು. ಮೆಸ್ಕಾಂ ಲೈನ್‌ಮನ್‌ಗೂ ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರು ಇದ್ದಾರೆ ಅಂತ ಹೇಳಿಡಿ. ನಿಯಮ ಏನಿದೆಯೋ, ಮನುಷ್ಯರಾಗಿ ನಿಮ್ಮ ಲೈನ್ ಮೊದಲು ನೋಡುತ್ತಾರೆ.

ಮೆಷಿನ್ ಗೋಡೆಗೆ ತಾಗಿಸಬೇಡಿ, ಒಂದು ಅಡಿ ಬಿಡಿ. ವಾರಕ್ಕೊಮ್ಮೆ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಮೆಷಿನ್‌ಗೆ ಸಿಕ್ಕಿಸುವ ನೀರಿನ ಬಾಟಲಿಗೆ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್, ದಿನಾ ಬದಲಿಸಿ. ಬಾವಿ ನೀರು ಹಾಗೇ ಹಾಕಬೇಡಿ.

ಬೆಂಕಿ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಪಕ್ಕದಲ್ಲಿ ಇರುವ ಕಿಡಿಯನ್ನು ಭಗ್ಗನೆ ಎಬ್ಬಿಸುತ್ತದೆ. ಆಕ್ಸಿಜನ್ ಹಾಕಿಕೊಂಡು ಒಲೆ ಮುಂದೆ, ದೇವರ ದೀಪದ ಮುಂದೆ, ಅಗ್ಗಿಷ್ಟಿಕೆ ಮುಂದೆ ಕೂರುವಂತಿಲ್ಲ. 10 ಅಡಿ ದೂರ ಇರಲಿ. ಮೂಗು ಒಣಗುತ್ತದೆ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ನೀರಿನ ಅಂಶದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಎಣ್ಣೆ ಕೈಯಲ್ಲಿ ಸಿಲಿಂಡರ್ ವಾಲ್ವ್ ಮುಟ್ಟಬೇಡಿ.

ಹೆಜ್ಜೆ 5: ದಮ್ಮು ಕಟ್ಟಿದಾಗ ಏನು ಮಾಡಬೇಕು

ಉಸಿರು ಕಟ್ಟಿದರೆ ಹೆದರಿಕೆ ಆಗುತ್ತದೆ. ಹೆದರಿದರೆ ಉಸಿರು ಇನ್ನೂ ಚಿಕ್ಕದಾಗಿ, ಬೇಗ ಬೇಗ ಬರುತ್ತದೆ. ಗಾಳಿ ಒಳಗೆ ಸಿಕ್ಕಿಕೊಂಡು ಉಸಿರು ಇನ್ನೂ ಕಟ್ಟುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು.

ಮೊದಲು ಕೂರಿಸಿ, ಮಲಗಿಸಬೇಡಿ. ಮುಂದೆ ಒಂದು ಟೇಬಲ್, ಅದರ ಮೇಲೆ ಎರಡು ದಿಂಬು. ಮೊಣಕೈ ಊರಿ ಮುಂದಕ್ಕೆ ಬಾಗಲಿ, ಭುಜ ಸಡಿಲ ಬಿಡಲಿ. ನಿಂತಿದ್ದರೆ ಗೋಡೆಗೋ ಕಟ್ಟೆಗೋ ಕೈ ಊರಿ ಬಾಗಲಿ. ಸೀರೆಯ ನೆರಿಗೆ, ಲುಂಗಿ ಗಂಟು, ಬ್ಲೌಸಿನ ಹುಕ್ಕು ಸಡಿಲ ಮಾಡಿ.

ಆಮೇಲೆ ಬೀಸಣಿಗೆ. ಮೂಗು ಮತ್ತು ಕೆನ್ನೆಯ ಮೇಲೆ ತಣ್ಣನೆ ಗಾಳಿ ಬಿದ್ದರೆ ಉಸಿರು ಕಟ್ಟಿದ ಅನುಭವ ತಗ್ಗುತ್ತದೆ, ಇದು ಅಧ್ಯಯನಗಳಲ್ಲೂ ಕಂಡಿದೆ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಫ್ಯಾನ್ ಆದೀತು, ನಮ್ಮ ಅಡಿಕೆ ಹಾಳೆ ಬೀಸಣಿಗೆಯೂ ಆದೀತು. ಕಿಟಕಿ ತೆರೆಯಿರಿ. ಹಣೆ, ಕೆನ್ನೆಗೆ ಒದ್ದೆ ಬಟ್ಟೆ ಒತ್ತಿ.

ಮೂರನೆಯದು ಉಸಿರು ಬಿಡುವುದು. "ಜೋರಾಗಿ ಉಸಿರು ಎಳಿ" ಅಂತ ಮಾತ್ರ ಹೇಳಬೇಡಿ, ಅದು ನಾವೆಲ್ಲ ಹೇಳುವ ತಪ್ಪು ಮಾತು. ತುಟಿ ಸಣ್ಣಗೆ ಮಾಡಿ, ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ಅಷ್ಟು ಮೆತ್ತಗೆ, ನಿಧಾನಕ್ಕೆ ಬಿಡಲಿ. ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ. ಎದುರಿಗೆ ಕೂತು ನೀವೂ ಅದೇ ರೀತಿ ಉಸಿರು ಬಿಡಿ. ಬೆನ್ನ ಮೇಲೆ ಕೈ ಇಡಿ. ಕಡಿಮೆ ಮಾತಾಡಿ, ಪ್ರಶ್ನೆ ಕೇಳಬೇಡಿ, ಉತ್ತರ ಹೇಳಲು ಅವರಿಗೆ ಉಸಿರು ಇಲ್ಲ. ಕೋಣೆಯಲ್ಲಿ ಎಂಟು ಜನ ನಿಂತು "ಅಯ್ಯೋ" ಅನ್ನುತ್ತಿದ್ದರೆ ಅವರನ್ನು ಕಾಫಿ ಮಾಡಲು ಕಳಿಸಿ.

ಜೊತೆಗೆ ಡಾಕ್ಟರ್ ಬರೆದ ಇನ್ಹೇಲರ್ ಅಥವಾ ನೆಬ್ಯುಲೈಜರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಕೊಡುವ ಮೆಷಿನ್). ಹೆಚ್ಚಿನ ಸಲ ಇಷ್ಟರಲ್ಲಿ ಇಳಿಯುತ್ತದೆ. ಇಳಿಯದೆ ತುಟಿ ನೀಲಿ ಆದರೆ, ಒಂದೊಂದೇ ಶಬ್ದ ಮಾತ್ರ ಬರುತ್ತಿದ್ದರೆ, ಮಂಪರು ಹತ್ತಿದರೆ, ಎದೆ ನೋವು ಬಂದರೆ ಗೋಡೆಯ ಮೇಲಿನ ಹಾಳೆ ನೋಡಿ ಫೋನ್ ಮಾಡಿ. ಕಫ ಹಳದಿ ಅಥವಾ ಹಸಿರಾದರೆ, ಅದರ ಪ್ರಮಾಣ ಜಾಸ್ತಿ ಆದರೆ, ದಮ್ಮು ದಿನದಿಂದ ದಿನಕ್ಕೆ ಏರಿದರೆ ಅದು ಸೋಂಕಿನ ಗುರುತು. ಅದಕ್ಕೆ ಮೊದಲೇ ಮಾತ್ರೆ ಕೊಟ್ಟಿಡುತ್ತೀರಾ ಅಂತ ಡಾಕ್ಟರ್‌ನ್ನು ಕೇಳಿ. ಘಟ್ಟದ ಮೇಲಿನ ಮನೆಗಳಿಗೆ ಇದು ದೊಡ್ಡ ಉಪಕಾರ.

ಹೆಜ್ಜೆ 6: ಔಷಧಿಗಳು, ಮುಖ್ಯವಾಗಿ ಮಾರ್ಫಿನ್

ಇನ್ಹೇಲರ್ ಚಟ ಆಗುವುದಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ದಪ್ಪ ಕೊಳವೆ) ಹಾಕಿ ತೆಗೆದುಕೊಂಡರೆ ಔಷಧಿ ಗಂಟಲಲ್ಲಿ ಉಳಿಯದೆ ಒಳಗೆ ಹೋಗುತ್ತದೆ. ಸ್ಟಿರಾಯ್ಡ್ ಇರುವ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿ, ಮನೆಯವರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ನಾಟಿ ಔಷಧಿ ಕೊಡುತ್ತೀರಾದರೆ ಡಾಕ್ಟರ್‌ಗೆ ಮುಚ್ಚಿಡಬೇಡಿ. ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಹಾಳಾದ ಶ್ವಾಸಕೋಶವನ್ನು ಅದು ಸರಿ ಮಾಡುವುದಿಲ್ಲ.

ಮಾರ್ಫಿನ್ ಅಂದರೆ ಅಫೀಮಿನಿಂದ ಬರುವ ಬಲವಾದ ನೋವಿನ ಔಷಧಿ, ಅದರ ಹೆಸರು ಕೇಳಿದರೆ ಜನ ಎದ್ದು ಹೋಗುತ್ತಾರೆ. ಎಲ್ಲ ಮಾಡಿಯೂ ಇಳಿಯದ ದಮ್ಮಿಗೆ ತೀರಾ ಕಡಿಮೆ ಪ್ರಮಾಣದಲ್ಲಿ ಬಾಯಿಯಿಂದ ಕೊಡುವ ಮಾರ್ಫಿನ್ ಕೆಲವರಿಗೆ ನೆಮ್ಮದಿ ಕೊಡುತ್ತದೆ. ಎಲ್ಲರಿಗೂ ಅಲ್ಲ. ಸ್ವಲ್ಪದಿಂದ ಶುರು ಮಾಡಿ ಡಾಕ್ಟರ್ ಕಣ್ಣಿಟ್ಟು ಏರಿಸಿದರೆ ಅದು ಉಸಿರು ನಿಲ್ಲಿಸುವ ಔಷಧಿ ಅಲ್ಲ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಮಾತ್ರೆ ಕೇಳಿ ತೆಗೆದುಕೊಳ್ಳಿ. ಹೊಟ್ಟೆ ಕಟ್ಟಿ ತಿಣುಕುವುದೂ ದಮ್ಮು ತರಿಸುತ್ತದೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಎಬ್ಬಿಸಿದರೆ ಏಳದಷ್ಟು ನಿದ್ದೆ ಬಂದರೆ ಮುಂದಿನ ಡೋಸ್ ಕೊಡದೆ ಫೋನ್ ಮಾಡಿ. ಸ್ವಂತವಾಗಿ ನಿದ್ದೆ ಮಾತ್ರೆ ಸೇರಿಸಬೇಡಿ, ಹೆಂಡ ಅಂತೂ ಬೇಡವೇ ಬೇಡ.

ಇದು ಊರಿನ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭ ಆಗಿದೆ. ನಿಮಗೆ ಹತ್ತಿರ ಎಲ್ಲಿ ಸಿಗುತ್ತದೆ ಅಂತ ಬೇಕಾಗುವ ಮುಂಚೆಯೇ ವಿಚಾರಿಸಿ. ಮನೆಯಲ್ಲಿ ಬೀಗ ಹಾಕಿಡಿ, ಎಷ್ಟು ಕೊಟ್ಟಿರಿ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ.

ಹೆಜ್ಜೆ 7: ದಿನಚರಿ ಮತ್ತು ಊಟ

ಶಕ್ತಿಯನ್ನು ಅಳೆದು ಖರ್ಚು ಮಾಡಬೇಕು. ಸ್ನಾನ ಮಾಡಿ, ಕೂಡಲೇ ತಿಂಡಿ ತಿಂದು, ಕೂಡಲೇ ಬಂದವರ ಜೊತೆ ಮಾತಾಡಿದರೆ ಮಧ್ಯಾಹ್ನಕ್ಕೆ ಏನೂ ಉಳಿಯುವುದಿಲ್ಲ. ಸ್ನಾನ ಸ್ಟೂಲ್ ಮೇಲೆ ಕೂತು, ಬಾಗಿಲು ಸ್ವಲ್ಪ ತೆರೆದು. ನೀರು ತೀರಾ ಬಿಸಿ ಬೇಡ, ಬಚ್ಚಲು ತುಂಬಾ ಹಬೆ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ದಿನಾ ತಲೆಗೆ ನೀರು ಬೇಕಾಗಿಲ್ಲ. ಒರೆಸಿಕೊಳ್ಳುವುದಕ್ಕಿಂತ ದೊಡ್ಡ ಟವೆಲ್ ಹೊದ್ದು ಕೂತರೆ ತಾನಾಗಿ ಒಣಗುತ್ತದೆ. ಆದರೆ ಪೂರ್ತಿ ಮಲಗಿಸಿಯೂ ಇಡಬೇಡಿ. ಜಗುಲಿಯವರೆಗೆ ನಡೆದು ತೋಟ ನೋಡಿ ಬರಲಿ, ಮಾಡಬಲ್ಲ ಕೆಲಸ ಅವರೇ ಮಾಡಲಿ. ಕೂತು ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಲೆಕ್ಕ ಬರೆಯುವುದು ಅವರಿಂದ ಕಿತ್ತುಕೊಳ್ಳಬೇಡಿ.

ಊಟ ಸ್ವಲ್ಪ ಸ್ವಲ್ಪ, ಐದಾರು ಸಲ. ಹೊಟ್ಟೆ ತುಂಬಿದರೆ ಉಸಿರಿಗೆ ಜಾಗ ಇರುವುದಿಲ್ಲ. ಗಂಜಿಗೆ ತುಪ್ಪ, ಮೆತ್ತಗಿನ ಕಡುಬು, ತೊವ್ವೆ, ಮೊಟ್ಟೆ, ಮೀನು, ತಂಬುಳಿ, ಏನು ಇಷ್ಟವೋ ಅದು. ತಿನ್ನುವಾಗಲೂ ಮೂಗಿನ ಪೈಪು ಇರಲಿ. "ಮೊಸರು ಕಫ, ಬಾಳೆಹಣ್ಣು ಶೀತ" ಅಂತ ಇರುವುದನ್ನೆಲ್ಲ ನಿಲ್ಲಿಸಿ ಮನುಷ್ಯನನ್ನು ಒಣಗಿಸಬೇಡಿ. ಅವರಿಗೆ ತಿಂದು ತೊಂದರೆ ಆಗದಿದ್ದರೆ ಕೊಡಿ.

ಹೆಜ್ಜೆ 8: ನೋಡಿಕೊಳ್ಳುವವರ ಪಾಳಿ

ಒಂದು ಮನೆಯಲ್ಲಿ ನೋಡಿಕೊಳ್ಳುವವರು ಅಂದರೆ ನಿಜದಲ್ಲಿ ಒಬ್ಬರೇ. ಹೆಂಡತಿ, ಸೊಸೆ ಅಥವಾ ಮದುವೆಯಾಗದ ಮಗಳು. ಉಳಿದವರು ಕೇಳಿಕೊಂಡು ಹೋಗುವವರು. ಇದು ನನಗೆ ಸಿಟ್ಟು ಬರಿಸುವ ವಿಷಯ, ಅದಕ್ಕೇ ಇದಕ್ಕೊಂದು ಹೆಜ್ಜೆ ಇಟ್ಟಿದ್ದೇನೆ.

ಯಾರಾದರೂ "ಏನಾದರೂ ಬೇಕಿದ್ದರೆ ಹೇಳಿ" ಅಂದರೆ ಅಲ್ಲೇ ಹಿಡಿಯಿರಿ. "ಶನಿವಾರ ರಾತ್ರಿ ನೀವು ಮಲಗಲು ಬನ್ನಿ ಭಾವ", "ಸೋಮವಾರ ಸಿಲಿಂಡರ್ ತುಂಬಿಸಿಕೊಂಡು ಬಾ ಮಾರಾಯ" ಅಂತ ಕೆಲಸ, ದಿನ ಎರಡೂ ಹೇಳಿ. ವಾರಕ್ಕೆ ಎರಡು ರಾತ್ರಿಯಾದರೂ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬೇಕು. ದೂರದ ಊರಿನ ಮಕ್ಕಳು ಬರೀ ದುಡ್ಡು ಕಳಿಸಿದರೆ ಆ ದುಡ್ಡಿನಲ್ಲಿ ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅಂದುಕೊಂಡರೆ ಅವರನ್ನೇ ಪಾಳಿಗೆ ಹಾಕಿ. ರೋಗಿಯ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಅದು ಎಲ್ಲರಿಗೂ ಆಗುವುದೇ. ನಿದ್ದೆ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಜ್ಜೆ 9: ಮುಂದೇನು ಅನ್ನುವ ಮಾತು

ಇದನ್ನು ಐಸಿಯು ಬಾಗಿಲಲ್ಲಿ ನಿಂತು ಮಾತಾಡಬಾರದು. ಚೆನ್ನಾಗಿರುವ ದಿನ, ಜಗುಲಿಯಲ್ಲಿ, ಸಂಜೆ ಹೊತ್ತು ನೋಡಿಕೊಂಡು ಶುರು ಮಾಡಿ. "ಮುಂದಿನ ಸಲ ಜೋರಾದರೆ ಏನು ಮಾಡೋಣ ಅಂತೀರಿ?" ಅಷ್ಟು ಕೇಳಿದರೆ ಸಾಕು. ಎಷ್ಟೋ ಹಿರಿಯರು ಈ ಮಾತಿಗೇ ಕಾಯುತ್ತಿರುತ್ತಾರೆ, ಮಕ್ಕಳೇ ತಪ್ಪಿಸಿಕೊಳ್ಳುತ್ತಿರುತ್ತಾರೆ.

ಕೇಳಿಕೊಳ್ಳಬೇಕಾದದ್ದು ಇಷ್ಟು. ಮತ್ತೆ ಆಸ್ಪತ್ರೆಗೆ ಹೋಗಲು ಇಷ್ಟವಿದೆಯಾ? ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಒತ್ತುವ ಬೈಪ್ಯಾಪ್ ಮೆಷಿನ್‌ವರೆಗೆ ಒಪ್ಪುತ್ತಾರಾ, ಗಂಟಲಿಗೆ ಟ್ಯೂಬ್ ಇಳಿಸುವ ವೆಂಟಿಲೇಟರ್‌ಗೂ ಒಪ್ಪುತ್ತಾರಾ? ಕೊನೆಗೆ ಎಲ್ಲಿರಬೇಕು? ಅವರ ಪರವಾಗಿ ಯಾರು ಮಾತಾಡಬೇಕು? ವೆಂಟಿಲೇಟರ್ ಹಾಕಿದರೆ ಅದರಿಂದ ಹೊರಗೆ ಬರುವ ಸಾಧ್ಯತೆ ಎಷ್ಟು ಅಂತ ಡಾಕ್ಟರ್ ಹತ್ತಿರ ಅವರೆದುರೇ ಕೇಳಿ.

ಇದನ್ನು ಬರೆದೂ ಇಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಒಂದು ಪ್ರತಿ ಫೈಲಿನಲ್ಲಿ, ಒಂದು ಪ್ರತಿ ಡಾಕ್ಟರ್ ಹತ್ತಿರ, ಇನ್ನೊಂದು ದೂರದ ಮಗನಿಗೆ ವಾಟ್ಸಾಪ್‌ನಲ್ಲಿ. ಕೊನೆ ಗಳಿಗೆಯಲ್ಲಿ ವಿಮಾನ ಹತ್ತಿ ಬಂದವರೇ ಹೆಚ್ಚು ಕೂಗಾಡುವುದು, ಅವರಿಗೆ ಮುಂಚೆಯೇ ಗೊತ್ತಿರಲಿ.

ಹೆಜ್ಜೆ 10: ಕೊನೆಯ ದಿನಗಳು

ಊಟ ಬೇಡ ಅನ್ನುತ್ತಾರೆ, ಮಾತು ಕಡಿಮೆಯಾಗುತ್ತದೆ, ನಿದ್ದೆ ಜಾಸ್ತಿ ಆಗುತ್ತದೆ. ಕೈಕಾಲು ತಣ್ಣಗಾಗುತ್ತದೆ. ಉಸಿರು ಸ್ವಲ್ಪ ಹೊತ್ತು ನಿಂತು ಮತ್ತೆ ಬರುತ್ತದೆ. ತಿನ್ನದೆ ಇರುವುದರಿಂದ ಸಾಯುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ, ದೇಹ ನಿಲ್ಲುತ್ತಿರುವುದರಿಂದ ಊಟ ಬೇಡವಾಗಿದೆ. ಒತ್ತಾಯ ಮಾಡಿ ಬಾಯಿಗೆ ನೀರು, ಹಾಲು ಸುರಿದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ತೀರ್ಥ ಕೊಡಬೇಕಾದರೆ ತುಟಿಗೆ ಹತ್ತಿಯಲ್ಲಿ ಒಂದು ಹನಿ ಒತ್ತಿ, ಶಾಸ್ತ್ರವೂ ಆಯಿತು.

ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವ ನಮಗೆ ಅದು ಭಯಂಕರ. ಆ ಹೊತ್ತಿಗೆ ಅವರಿಗೆ ಎಚ್ಚರ ಕಡಿಮೆ ಇರುತ್ತದೆ, ಅದು ಅವರನ್ನು ಅಷ್ಟು ಕಾಡುವುದಿಲ್ಲ ಅಂತ ತಿಳಿದವರು ಹೇಳುತ್ತಾರೆ. ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಸ್ವಲ್ಪ ಎತ್ತರ ಇಡಿ. ಸದ್ದು ಇಳಿಸುವ ಔಷಧಿಯನ್ನು ಡಾಕ್ಟರ್ ಕೊಡಬಹುದು. ದಮ್ಮಿಗೆ ಕೊಡುತ್ತಿದ್ದ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ, ನುಂಗಲು ಆಗದಿದ್ದರೆ ಬೇರೆ ಯಾವ ದಾರಿಯಲ್ಲಿ ಕೊಡಬೇಕು ಅಂತ ಕೇಳಿ. ಬಾಯಿ ಒದ್ದೆ ಮಾಡುತ್ತಾ ಇರಿ. ಮಾತಾಡುತ್ತಾ ಇರಿ, ಕೇಳಿಸುತ್ತಿದೆ ಅಂತಲೇ ಅಂದುಕೊಂಡು ಮಾತಾಡಿ. ದೀಪ ಹಚ್ಚಬೇಕೆಂದರೆ ಆಕ್ಸಿಜನ್ ಇರುವವರೆಗೆ ಬೇರೆ ಕೋಣೆಯಲ್ಲಿ.

ಮನೆಯಲ್ಲೇ ಇರಬೇಕು ಅಂತ ತೀರ್ಮಾನ ಆಗಿದ್ದರೆ ಈ ಹೊತ್ತಿನಲ್ಲಿ ಯಾರೋ ಗಾಬರಿಯಾಗಿ 108ಕ್ಕೆ ಫೋನ್ ಮಾಡಿ 60 ಕಿಲೋಮೀಟರ್ ಎತ್ತಿಕೊಂಡು ಹೋಗುವುದು ಬೇಡ. ಆಂಬುಲೆನ್ಸ್ ಬದಲು ಯಾರಿಗೆ ಫೋನ್ ಮಾಡಬೇಕು ಅಂತ ಗೋಡೆಯ ಹಾಳೆಯಲ್ಲಿ ಮೊದಲ ಸಾಲಿಗೆ ಬರೆದಿಡಿ.

ಆಮೇಲೆ ಆಗಬೇಕಾದ ಕೆಲಸ

ಮನೆಯಲ್ಲಿ ತೀರಿಕೊಂಡರೆ ಕೊನೆಯ ಕಾಯಿಲೆಯಲ್ಲಿ ನೋಡಿದ ಡಾಕ್ಟರ್‌ನಿಂದ ಸಾವಿನ ಕಾರಣದ ನಮೂನೆ 4ಎ ಬರೆಸಿಕೊಳ್ಳಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ದಂಡ ಇಲ್ಲ, ಆಧಾರ್ ಪ್ರತಿ ತೆಗೆದುಕೊಂಡು ಹೋಗಿ. ಪಿಂಚಣಿ, ಪಹಣಿ, ಬ್ಯಾಂಕ್ ಎಲ್ಲದಕ್ಕೂ ಆ ಸರ್ಟಿಫಿಕೇಟ್ ಬೇಕು, ಐದಾರು ಪ್ರತಿ ತೆಗೆಸಿಡಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ವಾಪಸು ಮಾಡಿ. ಕಸಕ್ಕೆ, ತೋಡಿಗೆ ಹಾಕಬೇಡಿ. ಬಾಡಿಗೆ ಮೆಷಿನ್, ಸಿಲಿಂಡರ್ ಕಳಿಸಿ ಡೆಪಾಸಿಟ್ ವಾಪಸು ತೆಗೆದುಕೊಳ್ಳಿ. ಸ್ವಂತದ್ದಾದರೆ ಪೈಪು ಮತ್ತು ನೀರಿನ ಬಾಟಲಿ ಹೊಸದು ಹಾಕಿ, ಫಿಲ್ಟರ್ ಬದಲಿಸಿ, ಟೆಕ್ನಿಷಿಯನ್‌ಗೆ ತೋರಿಸಿ ಆಮೇಲೆ ಬೇರೆಯವರಿಗೆ ಕೊಡಿ. ಅದನ್ನು ಅಟ್ಟಕ್ಕೆ ಹಾಕಿದರೆ ಒಂದೇ ಮಳೆಗಾಲದಲ್ಲಿ ಹಾಳಾಗುತ್ತದೆ. ಯಾರಿಗೆ ಬೇಕಾಗಿದೆ ಅಂತ ನಿಮ್ಮ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.